ಕಾಕಾ ಮೋಟರ್ ಆರಿಸಿದ್ದು

ನಮ್ಮ ಕಾಕಾನ ಮನೆಗೆ ಹೋಗುವವರಿಗೆ ನನ್ನದೊಂದು ಎಚ್ಚರಿಕೆ: ತಿರುಗುವ ಯಾವ ವಸ್ತುವನ್ನೂ ಜೊತೆಗೆ ಒಯ್ಯಬೇಡಿ! ಗಡ್ಡ ಬೋಳಿಸುವ ಯಂತ್ರವಿರಲಿ, ಮಕ್ಕಳ ಆಟಿಕೆ ಕಾರಿರಲಿ, ಒಳಗೊಂದು ಮೋಟರ್ ಇದೆಯೆಂಬ ಸುಳಿವು ಸಿಕ್ಕರೆ ಸಾಕು. ನೀವು ಕೈಕಾಲು ತೊಳೆದು ಬರುವಷ್ಟರಲ್ಲಿ ಅದರ ಹೊಟ್ಟೆ ಬಗೆದಾಗಿರುತ್ತದೆ. ನನ್ನ ಮಗಳ ಹೆಲಿಕಾಪ್ಟರ್ ಹುತಾತ್ಮವಾದದ್ದು ಹಾಗೆಯೇ.

ಇಳಕಲ್ಲಿನಲ್ಲಿ ಜೀವಮಾನವೆಲ್ಲ ಸೀರೆ ಅಂಗಡಿ ನಡೆಸಿದ ಕಾಕಾ, ಅದನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತದ್ದೇ ತಡ, ರೋಬೋಟ್ ಮಾಡುವ ಹುಚ್ಚು ಹಚ್ಚಿಕೊಂಡ. ರೋಬೋಟ್ ಎಂದರೆ ಕೈಕಾಲು, ತಲೆ ಇದ್ದದ್ದಲ್ಲ. ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿಯನ್ನು ಹಿಡಿದು, ಅಡುಗೆಮನೆಯಿಂದ ಪಡಸಾಲೆಗೆ ಚಹಾದ ಕಪ್ಪುಗಳನ್ನು ಹೊತ್ತು ತರುವ ಒಂದು ಪುಟ್ಟ ಬಂಡಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಉಳಿದದ್ದನ್ನೆಲ್ಲ ಕಲಿತ. ತೊಡಕಾದದ್ದು ಮೋಟರ್ ಒಂದೇ.

ಮೊದಲು ಆಟಿಕೆಯ ಮೋಟರ್ ಹಚ್ಚಿದ. ಚಕ್ರಗಳು ಬುಗುರಿಯಂತೆ ತಿರುಗಿದವು. ಮೇಲೊಂದು ಕಪ್ಪು ಇಟ್ಟದ್ದೇ, ಬಂಡಿ ಹಟ ಹಿಡಿದ ಕತ್ತೆಯಂತೆ ನಿಂತುಬಿಟ್ಟಿತು! ಆಮೇಲೆ ಹುನಗುಂದದ ಗ್ಯಾರೇಜಿನಿಂದ ಹಳೆಯ ಜೀಪಿನ ವೈಪರ್ ಮೋಟರ್ ತಂದ. ಅದಕ್ಕೇನು ಕಡಿಮೆ ಶಕ್ತಿಯೇ? ಕಪ್ಪುಗಳನ್ನಷ್ಟೇ ಅಲ್ಲ, ದಾರಿಗೆ ಅಡ್ಡವಿದ್ದ ಸ್ಟೂಲನ್ನೂ ನೂಕಿಕೊಂಡು ಹೋಗಿ ಗೋಡೆಗೆ ಹಾಯಿತು. ಆದರೆ ಎರಡು ಸುತ್ತು ಹಾಕುವಷ್ಟರಲ್ಲಿ ಬ್ಯಾಟರಿ ಖಾಲಿ.

"ಆನಿ ತಂದು ಕಟ್ಟೇನಿ, ಮೇವು ಹಾಕಾಕ ಆಗವಲ್ದು," ಅಂದ ಕಾಕಾ.

ಕೊನೆಗೆ ಬಾಗಲಕೋಟೆಗೆ ಬಂದು ನನ್ನನ್ನೂ ಎಳೆದುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ. ಒಂದೊಂದೇ ಮೋಟರ್ ಓಡಿಸಿ, ಬೆರಳಲ್ಲಿ ಅದುಮಿ ತಡೆದು, ಎಷ್ಟು ಕರೆಂಟ್ ಕುಡಿಯುತ್ತದೆಂದು ಮೀಟರಿನಲ್ಲಿ ನೋಡಿ, ಕಿವಿಗೆ ಹಿಡಿದು ಪಕ್ಕಕ್ಕಿಡತೊಡಗಿದ. ಗಲ್ಲೆಯ ಮೇಜಿನ ತುಂಬ ಮೋಟರುಗಳ ರಾಶಿ!

"ಇಷ್ಟ ಅದಾವ್ರಿ ಯಜಮಾನ್ರ," ಅಂಗಡಿಯವನ ದನಿ ಸೋತಿತ್ತು.

"ಮ್ಯಾಲಿನ ಕಪಾಟಿನ್ಯಾಗಿಂದು ತೋರ್ಸಿಲ್ಲಲ್ಲ ತಮ್ಮಾ? ನಾ ಸೀರಿ ಅಂಗಡಿ ಇಟ್ಟಾಂವ. ಅಂಗಡಿ ಎಲ್ಲಾ ಬಿಚ್ಚಿಸಿ 'ನಾಳಿ ಬರ್ತೇವಿ' ಅಂದು ಎದ್ದು ಹೋಗೋರಿಗೂ ನೀರು ಕೊಟ್ಟು ಕಳಿಸೇನಿ!"

ಅಂಗಡಿಯವ ಆಸೆಯಿಂದ ತಟ್ಟನೆ ನೀರು ತಂದುಕೊಟ್ಟ. ಕಾಕಾ ಕುಡಿದ. ಏಳಲಿಲ್ಲ.

ಅಂತೂ ಮೇಲಿನ ಕಪಾಟಿನಿಂದ ಒಂದು ಜೋಡಿ ಇಳಿದು ಬಂತು. ಒಳಗೇ ಗೇರ್ ಇದ್ದ ಪುಟ್ಟ ಮೋಟರುಗಳು. ನಿಧಾನವಾಗಿ ತಿರುಗುತ್ತಿದ್ದವು, ಭಾರ ಹೊರುತ್ತಿದ್ದವು, ಕರೆಂಟ್ ಕುಡಿಯುವುದು ಅಷ್ಟಕ್ಕಷ್ಟೇ. ಸಪ್ಪಳವಂತೂ ಇಲ್ಲವೇ ಇಲ್ಲ! ನಾನೂ ಜೊತೆಗೆ ಇಳಕಲ್ಲಿಗೆ ಹೊರಟೆ. ದಾರಿಯಲ್ಲಿ ಅಮೀನಗಡದಲ್ಲಿ ಬಸ್ಸು ನಿಂತಾಗ ಕಾಕಾ ಕರದಂಟು ಕೊಂಡು ಪಕ್ಕದ ಪ್ರಯಾಣಿಕನಿಗೂ ಹಂಚಿದ. "ಏನ್ ವಿಶೇಷ್ರಿ?" ಎಂದು ಆತ ಕೇಳಿದರೆ, "ಜೋಡಿ ಕೂಡ್ತು," ಅಂದ. ಆತ ಮದುವೆ ಯಾವಾಗ ಅಂತಲೂ ಕೇಳಿದ!

ಮರುದಿನ ಬಂಡಿ ಸಿದ್ಧವಾಯಿತು. ಅಡುಗೆಮನೆಯಲ್ಲಿ ಕಾಕಾನ ಹೆಂಡತಿ ಚಿಗವ್ವ ಚಹಾ ಮಾಡಿ, ತಡವಿ ನೋಡಿ ಅದರ ಮೇಲೆ ಕಪ್ಪುಗಳನ್ನಿಟ್ಟಳು. ಬಂಡಿ ಬೆಕ್ಕಿನಂತೆ ಸದ್ದಿಲ್ಲದೆ ಪಡಸಾಲೆಗೆ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಒಳಗಿನಿಂದ ಚಿಗವ್ವ ಕೇಳಿದಳು, "ಹೊಂಟತೇನ್ರಿ ಅದು?"

ಕಾಕಾನ ಮುಖ ಸಪ್ಪಗಾಯಿತು.

ಸಕ್ಕರೆ ಕಾಯಿಲೆ ಚಿಗವ್ವನ ಕಣ್ಣಿಗೆ ಇಳಿದಿತ್ತು. ಮಬ್ಬು ಬೆಳಕಿನ ಹೊರತು ಏನೂ ಕಾಣುತ್ತಿರಲಿಲ್ಲ. ಚಹಾ ಮಾಡುವುದೇನೋ ಕೈರೂಢಿ. ಆದರೆ ಒಮ್ಮೆ ತರುವಾಗ ಪಾದದ ಮೇಲೆ ಚೆಲ್ಲಿಕೊಂಡ ಮೇಲೆ, ಬಂದವರೆದುರು ಬರುವುದನ್ನೇ ಬಿಟ್ಟಿದ್ದಳು. ಸೊಸೆ ಕೈ ಹಿಡಿಯಲು ಹೋದರೆ ಒಲ್ಲೆನೆನ್ನುತ್ತಿದ್ದಳು. ಅಲ್ಲಿಯವರೆಗೆ ನಾವು ಹುಚ್ಚು ಅಂದುಕೊಂಡದ್ದು ಕಾಕಾನಿಗೆ ಹುಚ್ಚಾಗಿರಲಿಲ್ಲ.

"ಇದರ ಸಪ್ಪಳ ಆಕಿಗೆ ಕೇಳಿಸಬೇಕು," ಅಂದ ಮೆಲ್ಲಗೆ. "ಬರೇ ಚಾ ಬಂದ್ರೇನಾತು? ಆಕೀನೂ ಬರಬೇಕಲ್ಲ."

ಮತ್ತೆ ಅದೇ ಅಂಗಡಿ. "ಸಪ್ಪಳ ಮಾಡೋದು ಕೊಡು," ಅಂದ ಕಾಕಾನನ್ನು ಅಂಗಡಿಯವ ಪಿಳಿಪಿಳಿ ನೋಡಿದ. ಪ್ಲಾಸ್ಟಿಕ್ ಗೇರಿನ ಸಾದಾ ಮೋಟರುಗಳು ಬಂದವು. ಗುಣದಲ್ಲಿ ಕಡಿಮೆ. ನಾಲ್ಕು ಚಕ್ರಕ್ಕೆ ನಾಲ್ಕು ಹಚ್ಚಿದ.

ಮುಂದಿನ ಭಾನುವಾರ ನಾನು ಹೋದಾಗ ಅಡುಗೆಮನೆಯಿಂದ ಗರ್ರ್ ಎಂಬ ಸಪ್ಪಳ ಕೇಳಿಸಿತು. ಬಂಡಿ ಬಂತು. ಅದರ ಹಿಂದೆಯೇ, ಸೆರಗು ಸರಿಮಾಡಿಕೊಂಡು, ಚಿಗವ್ವ. ಗೋಡೆ ಹಿಡಿದಿರಲಿಲ್ಲ, ಯಾರ ಕೈಯನ್ನೂ ಹಿಡಿದಿರಲಿಲ್ಲ. ಸಪ್ಪಳ ನಿಂತಲ್ಲಿ ತಾನೂ ನಿಂತು, ಬಗ್ಗಿ ಕಪ್ಪು ಎತ್ತಿ ನನ್ನ ಕಡೆ ಚಾಚಿದಳು.

"ತಗೋಪಾ. ಸಕ್ಕರಿ ಸಾಕಾತೇನ್ ನೋಡು."

ನಾನು ಒಂದು ಗುಟುಕು ಕುಡಿದು ಸಾಕಾಗಿದೆಯೆಂದೆ. ಇನ್ನೊಂದು ಕಪ್ಪು ಎತ್ತಿಕೊಂಡು ಅವಳು ತಿರುಗಿದಳು. "ನೀವ್ ಎಲ್ಲದೀರಿ?"

ಕಿಟಕಿಯ ಹತ್ತಿರ ನಿಂತಿದ್ದ ಕಾಕಾ ಅಂದ, "ಇಲ್ಲೇ ಅದೇನಿ."

ಅವಳು ಹೆಜ್ಜೆ ಹಾಕಿದಳು. ಆ ಕಪ್ಪು ತನ್ನ ಕೈಗೆ ಬರುವವರೆಗೂ ಕಾಕಾ "ಇಲ್ಲೇ... ಇಲ್ಲೇ..." ಅನ್ನುತ್ತಲೇ ಇದ್ದ.