ಇಗರ್ಜಿಯ ಪಾಲನಾ ಮಂಡಳಿಗೆ ಸೇರುವ ಬಗೆ

ನಮ್ಮದು ಹೆಸರುವಾಸಿ ಮನೆತನ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನಲ್ಲಿ, ಅಂದರೆ ಉಡುಪಿಯ ಹತ್ತಿರ, ನನ್ನ ಅಜ್ಜ ಇಪ್ಪತ್ತೆಂಟು ವರ್ಷ ಇಗರ್ಜಿಯ, ಎಂದರೆ ಚರ್ಚಿನ, ಗುರಿಕಾರರಾಗಿದ್ದರು. ಮೂವತ್ತು ನಲವತ್ತು ಕ್ರೈಸ್ತರ ಮನೆ ಸೇರಿದರೆ ಒಂದು ವಾಳೆ, ಆ ವಾಳೆಗೊಬ್ಬ ಗುರಿಕಾರ. ಮದುವೆಯ ಮಾತುಕತೆಯಾಗಲಿ, ಬೇಲಿಯ ಜಗಳವಾಗಲಿ, ಅಜ್ಜ ಕೋಟು ಹಾಕಿಕೊಂಡು ಹೊರಟರೆಂದರೆ ಅಲ್ಲಿಗೆ ಮುಗಿಯಿತು. ಅಪ್ಪ ಮುಂಬಯಿಗೆ ಬಂದು ಸಾಂತಾಕ್ರೂಜಿನ ನಮ್ಮ ಇಗರ್ಜಿಯಲ್ಲಿ ಸಾಯುವವರೆಗೂ ಹಾಡಿದರು. ಒಂದು ಭಾನುವಾರವೂ ತಡವಾಗಿ ಹೋದವರಲ್ಲ. ನಾನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದು ಓದಿದವಳು. ಅಲ್ಲಿ ಸಿಸ್ಟರ್ ನಮ್ಮನ್ನು ಮಂಡಿಯೂರಿಸಿ, ಲಂಗದ ಅಂಚು ನೆಲಕ್ಕೆ ತಾಗುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ನನ್ನದು ಯಾವಾಗಲೂ ತಾಗುತ್ತಿತ್ತು.

ಇಂಥ ಮನೆಯಿಂದ ಬಂದವಳಿಗೂ ಮುಜುಗರದ ಪ್ರಸಂಗಗಳು ತಪ್ಪುವುದಿಲ್ಲ. ಪಾಲನಾ ಮಂಡಳಿಯ ಸದಸ್ಯೆಯಾದಂದಿನಿಂದ ಒಂದಲ್ಲ ಒಂದು ಆಗುತ್ತಲೇ ಇದೆ. ಪಾಲನಾ ಮಂಡಳಿ ಎಂದರೆ ಇಗರ್ಜಿಯ ಕೆಲಸಕಾರ್ಯಗಳಲ್ಲಿ ಫಾದರಿಗೆ ಸಲಹೆ ಕೊಡುವ ಭಕ್ತರ ಸಮಿತಿ. ವಾಳೆಗೊಬ್ಬರು, ಅವಧಿ ಮೂರು ವರ್ಷ. ಮುಂಬಯಿಯಲ್ಲಿ ನಾಲ್ಕು ಬಿಲ್ಡಿಂಗು ಸೇರಿದರೆ ಒಂದು ವಾಳೆ. ನನ್ನ ಮೊದಲ ಅವಧಿ ಕಳೆದ ತಿಂಗಳು ಮುಗಿಯಿತು. ಎರಡನೆಯದು ನನಗೆ ಬೇಕಿತ್ತು. ಸಂಕೋಚವಿಲ್ಲದೆ ಹೇಳುತ್ತೇನೆ, ಬಹಳ ಬೇಕಿತ್ತು. ಅಜ್ಜ ಇಪ್ಪತ್ತೆಂಟು ವರ್ಷ ನಡೆಸಿದರು, ಮೊಮ್ಮಗಳು ಮೂರಕ್ಕೇ ಮನೆಗೆ ಬಂದಳು ಎನ್ನಿಸಿಕೊಳ್ಳಲು ನಾನು ಸಿದ್ಧಳಿರಲಿಲ್ಲ.

ಆಯ್ಕೆ

ಸದಸ್ಯರಾಗುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಿಯಮದ ಪ್ರಕಾರ ವಾಳೆಯ ಸಭೆಯಲ್ಲಿ ಒಬ್ಬರು ನಿಮ್ಮ ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಅಷ್ಟೆ. ನಾನು ಸತತ ಮೂರು ಚುನಾವಣೆಗಳಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪೆನ್ನು ಹಿಡಿದು, ಮೊದಲ ಸಾಲಿನಲ್ಲಿ ಕುಳಿತೆ. "ಯಾರು ಮುಂದೆ ಬರುತ್ತೀರಿ?" ಎಂದು ಫಾದರ್ ಕೇಳಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಯಾರೋ ಒಬ್ಬರು ಸಭೆಗೆ ಬಾರದವರ ಹೆಸರು ಹೇಳುವುದು, ಇಪ್ಪತ್ತು ಜನ ಒಟ್ಟಿಗೆ ಅನುಮೋದಿಸುವುದು. ಒಮ್ಮೆ ಆಯ್ಕೆಯಾದವರು ಮಸ್ಕತ್ತಿನಲ್ಲಿ ಮಗನ ಮನೆಯಲ್ಲಿದ್ದರು. ವಿಮಾನದಿಂದ ಇಳಿದ ಮೇಲೆ ಸುದ್ದಿ ತಿಳಿಯಿತು. ಹದಿನೈದು ದಿನದಲ್ಲಿ ಮತ್ತೆ ಮಸ್ಕತ್ತಿಗೆ ಹೋದರು.

ನಾನೇ ಕೈ ಎತ್ತಬಹುದಿತ್ತು. ಆದರೆ ತಾವೇ ಕೈ ಎತ್ತುವುದು ನಮ್ಮ ಮನೆಯ ಪದ್ಧತಿಯಲ್ಲ.

ನಾಲ್ಕನೆಯ ಸಲ ಸಭೆಯ ದಿನವೇ ಬಾಂದ್ರಾದಲ್ಲಿ ನನ್ನ ತಂಗಿಯ ಮಗಳ ರೋಸ್ ಇತ್ತು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ದೊಡ್ಡಮ್ಮ ಹೋಗದಿದ್ದರೆ ಆಗುತ್ತದೆಯೇ? ನನ್ನ ಕೈಯೆಲ್ಲ ತೆಂಗಿನ ಹಾಲಾಗಿರುವಾಗ ನಮ್ಮ ವಾಳೆಯ ಗುರಿಕಾರರ ಫೋನು. ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎಂದು ಕರೆಯುತ್ತಾರೆ.

"ಅಭಿನಂದನೆ ಬಾಯಿ! ಸರ್ವಾನುಮತ!"

"ಮತ್ತೆ ಇಷ್ಟು ವರ್ಷ ಯಾಕೆ ಆರಿಸಲಿಲ್ಲ?"

"ಹೇಗೆ ಆರಿಸೋದು ಬಾಯಿ? ಪ್ರತಿ ಸಲ ನೀವು ಬಂದು ಕೂತಿರ್ತಿದ್ರಲ್ಲ!"

ಗಟಾರ

ಸದಸ್ಯೆಯ ಮೊದಲ ಕೆಲಸ, ವಾಳೆಯ ಮನೆ ಮನೆಗೆ ಹೋಗಿ ಎಷ್ಟು ಜನರಿದ್ದಾರೆ, ಯಾರಿಗೆ ಕಾಯಿಲೆ, ಯಾವ ಮಗುವಿಗೆ ಜ್ಞಾನಸ್ನಾನ ಆಗಿಲ್ಲ ಎಂದು ಫಾರ್ಮು ತುಂಬಿಸುವುದು. ಒಂದು ಬಿಲ್ಡಿಂಗಿನ ವಾಚ್‌ಮನ್ ವಿಜಯಪುರದ ಕಡೆಯವನು. ನನ್ನ ಕೈಯ ಫೈಲು ನೋಡಿ ಸ್ಟೂಲಿನಿಂದ ಎದ್ದು ನಿಂತ.

"ಅಮ್ಮಾರ, ಎಲೆಕ್ಷನ್ ಬಂತೇನ್ರಿ?"

"ಇಲ್ಲಪ್ಪ. ಇಗರ್ಜಿಯ ಪಾಲನಾ ಮಂಡಳಿಯಿಂದ ಬಂದಿದ್ದೇನೆ."

"ಯಾವುದಾರ ಇರಲಿ ಬಿಡ್ರಿ. ಬರಕೊಳ್ಳವರು ಬಂದೀರಿ, ಹಿಂದ ನಮ್ಮ ಚಾಳಿನ ಗಟಾರ ತುಂಬೈತ್ರಿ. ಅದನ್ನೂ ಒಂಚೂರು ಬರಕೋರಿ."

ನಾಲ್ಕನೇ ಮಹಡಿಯಿಂದ ಕೆಳಗಿಳಿದಾಗ ಹದಿನೈದು ಜನ ಸಾಲುಗಟ್ಟಿ ನಿಂತಿದ್ದರು. ಒಬ್ಬರಿಗೆ ನೀರು ಬರುವುದಿಲ್ಲ, ಒಬ್ಬರಿಗೆ ದೀಪದ ಕಂಬ, ಇನ್ನೊಬ್ಬಳಿಗೆ ಅತ್ತೆ. ಅತ್ತೆಯ ವಿಷಯ ಬಿಟ್ಟು ಉಳಿದೆಲ್ಲವನ್ನೂ ಕ್ರಮಸಂಖ್ಯೆ ಹಾಕಿ ಬರೆದುಕೊಂಡೆ. ಕಾನ್ವೆಂಟಿನಲ್ಲಿ ಕಲಿಸಿದ ಇಂಗ್ಲಿಷಿನಲ್ಲಿ ನಗರಪಾಲಿಕೆಯ ವಾರ್ಡ್ ಕಚೇರಿಗೆ ಎರಡು ಪುಟದ ಪತ್ರ ಹಾಕಿದೆ. ಎಂಟು ದಿನದಲ್ಲಿ ಗಟಾರ ಸ್ವಚ್ಛವಾಯಿತು. ಸರಿಯಾದ ಭಾಷೆಗೆ ಇನ್ನೂ ಬೆಲೆಯಿದೆ.

ಮುಂದಿನ ತಿಂಗಳು ಫಾದರ್ ಅದೇ ಬಿಲ್ಡಿಂಗಿಗೆ ಮನೆ ಆಶೀರ್ವಾದಕ್ಕೆ ಹೋದರು. ವಾಚ್‌ಮನ್ ಗೇಟಿನಲ್ಲೇ ತಡೆದ. ತಾನು ಇಗರ್ಜಿಯ ಮುಖ್ಯ ಗುರು ಎಂದು ಫಾದರ್ ವಿವರಿಸಿದರು. ಅವನು ಸ್ವಲ್ಪ ಯೋಚಿಸಿ ಕೇಳಿದನಂತೆ: "ಮೇಡಮ್ ಕಾ ಆದ್ಮಿ ಹೈ ಕ್ಯಾ? ಫಿರ್ ಜಾವೋ."

ನಡಾವಳಿ

ಎರಡನೇ ವರ್ಷ ನನ್ನನ್ನು ಮಂಡಳಿಯ ಕಾರ್ಯದರ್ಶಿ ಮಾಡಿದರು. ನನಗಿಂತ ಮುಂಚಿನವರು ಎರಡು ಗಂಟೆಯ ಸಭೆಯನ್ನು "ಚರ್ಚಿಸಲಾಯಿತು" ಎಂಬ ಒಂದೇ ಪದದಲ್ಲಿ ಮುಗಿಸುತ್ತಿದ್ದರು. ನಾನು ಆಡಿದ್ದನ್ನು ಆಡಿದಂತೆ ಬರೆಯುತ್ತೇನೆ.

ಒಂದು ಸಭೆಯಲ್ಲಿ ಹೊಸ ಫ್ಯಾನು ಎಲ್ಲಿ ಹಾಕಬೇಕೆಂಬ ಪ್ರಶ್ನೆ ಬಂತು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಹಾಡುವವರ ಮೇಲೆ ಬೇಡ, ಹಾಳೆ ಹಾರಿದರೆ ಹಾಡು ನಿಲ್ಲುತ್ತದೆ ಎಂದರು. "ನಿಂತರೂ ಅಡ್ಡಿಯಿಲ್ಲ" ಎಂದೂ ಸೇರಿಸಿದರು. ಗಾಯನವೃಂದದ ಮುಖ್ಯಸ್ಥರು ಎದ್ದು ನಿಂತರು. ಮುಂದಿನ ತಿಂಗಳು ಸಭೆಯ ಆರಂಭದಲ್ಲಿ ನಾನು ನಡಾವಳಿ ಓದಿದೆ: "ಆರು ಗಂಟೆ ಹನ್ನೆರಡು ನಿಮಿಷಕ್ಕೆ ಗಾಯನವೃಂದದ ಮುಖ್ಯಸ್ಥರು ಬ್ಯಾಂಕ್ ಅಧಿಕಾರಿಯವರನ್ನು ಕತ್ತೆ ಎಂದು ಕರೆದರು."

ಫಾದರ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮುಖ್ಯಸ್ಥರು, "ಆ ಸಾಲು ತೆಗೀರಿ ಬಾಯಿ" ಎಂದರು.

"ನೀವು ಹೇಳಲಿಲ್ಲವೇ?"

"ಹೇಳಿದೆ."

"ಹಾಗಾದರೆ ತೆಗೆಯಲು ಬರುವುದಿಲ್ಲ."

ಆಗ ಬ್ಯಾಂಕ್ ಅಧಿಕಾರಿ ಗಂಭೀರವಾಗಿ ಕೈ ಎತ್ತಿದರು. "ಸಾಲು ಇರಲಿ. ಆದರೆ ಒಂದು ತಿದ್ದುಪಡಿ. ಅವರು ಕತ್ತೆ ಅಂದದ್ದು ಎರಡು ಸಲ."

ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಯಿತು. ಎರಡನೆಯದು ಎಷ್ಟು ಗಂಟೆಗೆ ಎಂದು ನಾನು ಕೇಳಿ ಬರೆದುಕೊಂಡೆ.

ಕಳೆದ ತಿಂಗಳ ಭಾನುವಾರ

ನಮ್ಮಲ್ಲಿ ಪೂಜೆಯ ಸಮಯಕ್ಕೆ ಭಕ್ತರು ಕೊಟ್ಟ ಹೆಸರುಗಳನ್ನು ಓದುತ್ತಾರೆ: ಇಂಥವರ ಹುಟ್ಟುಹಬ್ಬ, ಇಂಥವರ ಕೃತಜ್ಞತೆ, ಇಂಥ ಮೃತರ ಆತ್ಮಶಾಂತಿ. ವಾರದ ಪಟ್ಟಿ ವಾಟ್ಸಾಪಿನಲ್ಲೂ ಎಲ್ಲರಿಗೂ ಹೋಗುತ್ತದೆ. ನನ್ನ ಅವಧಿ ನಿರ್ವಿಘ್ನವಾಗಿ ಮುಗಿದದ್ದಕ್ಕೆ ನಾನು ಕೃತಜ್ಞತೆಯ ಪೂಜೆ ಬರೆಸಿದ್ದೆ. ಅದೇ ದಿನ ಸಂಜೆ ಐದಕ್ಕೆ ವಾಳೆಯ ಚುನಾವಣೆ. ಮತ್ತೊಂದು ಅವಧಿ ಬೇಕಾದ ಹಾಲಿ ಸದಸ್ಯರು ಎದುರಿಗಿದ್ದು ಒಪ್ಪಿಗೆ ಹೇಳಬೇಕು.

ಬೆಳಿಗ್ಗೆ ಏಳರ ಪೂಜೆ. ಬರುವವರು ಹತ್ತು ಹನ್ನೆರಡು ಹಿರಿಯರು. ಫಾದರ್ ರಜೆಯಲ್ಲಿದ್ದರು, ನನ್ನ ಪರಿಚಯವಿಲ್ಲದ ಯುವಗುರು ಪಟ್ಟಿ ಓದಿದರು. ಆತ್ಮಶಾಂತಿಯ ಸಾಲಿನಲ್ಲಿ ಮೂರನೆಯ ಹೆಸರು ನನ್ನದು.

ಪಕ್ಕದ ಹೆಂಗಸು ನನ್ನ ತೋಳು ಮುಟ್ಟಿ ನೋಡಿದರು. "ಬಾಯಿ, ನೀವೇ ಅಲ್ವಾ?"

"ಪೂಜೆಯಲ್ಲಿ ಮಾತಾಡಬಾರದು" ಎಂದೆ.

ನಡುವೆ ಎದ್ದು ನಾನು ಸತ್ತಿಲ್ಲ ಎಂದು ಕೂಗುವುದು ಶಿಸ್ತಲ್ಲ. ಎಲ್ಲರೂ ನನ್ನ ಆತ್ಮಕ್ಕಾಗಿ ಪ್ರಾರ್ಥಿಸಿದರು. ನಾನೂ ಪ್ರಾರ್ಥಿಸಿದೆ.

ಪೂಜೆ ಮುಗಿಸಿ ಆಫೀಸಿಗೆ ಹೋದರೆ ಬೀಗ. ಮನೆಗೆ ಬಂದರೆ ಮೇಜಿನ ಮೇಲೆ ಚಹಾದ ಎರಡು ಫ್ಲಾಸ್ಕು, ಬಿಸಿ ಪಾವು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ತಂದುಕೊಡುವ ಪದ್ಧತಿ. ನಮ್ಮ ಯಜಮಾನರು ಮೂರನೆಯ ಪಾವು ತಿನ್ನುತ್ತಿದ್ದರು.

"ಯಾಕೆ ತಂದರು ಎಂದು ಕೇಳಲಿಲ್ಲವೇ?"

"ತಣ್ಣಗಾಗ್ತದೆ ಅಂತ ಕೇಳ್ಲಿಲ್ಲ" ಎಂದರು.

ವಾಟ್ಸಾಪಿನಲ್ಲಿ ನಾನೇ ಬರೆದೆ: "ನಾನು ಬದುಕಿದ್ದೇನೆ." ಏಳು ಜನ ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು ಬರೆದರು: "ಪಾಪ, ತಾಯಿಯ ಫೋನಿನಲ್ಲಿ ಬರೆಯುತ್ತಿರುವ ಮಗಳಿಗೆ ಇನ್ನೂ ನಂಬಲಾಗುತ್ತಿಲ್ಲ."

ಸಂಜೆ ಸರಿಯಾಗಿ ಐದಕ್ಕೆ ಸಭೆಗೆ ಹೋದೆ. ಎಲ್ಲರೂ ತಲೆ ಬಾಗಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಮೌನ ಪ್ರಾರ್ಥನೆಯಿರಬೇಕೆಂದು ನಾನೂ ಹಿಂದಿನ ಸಾಲಿನಲ್ಲಿ ತಲೆ ಬಾಗಿಸಿ ನಿಂತೆ. ಒಂದು ನಿಮಿಷ ಕಳೆದ ಮೇಲೆ ಮುಂದಿದ್ದವರನ್ನು ಮೆಲ್ಲಗೆ ಕೇಳಿದೆ, "ಯಾರು ತೀರಿಕೊಂಡರು?"

ಅವರು ತಿರುಗಿ ನೋಡಿ, ಕುರ್ಚಿ ಸಮೇತ ಬಿದ್ದರು.

ಗದ್ದಲ ಅಡಗಿದ ಮೇಲೆ ಗುರಿಕಾರರು ಬೆವರು ಒರೆಸಿಕೊಂಡರು. "ಬಾಯಿ, ಬಹಳ ಸಂತೋಷ. ಆದರೆ ನಿಮ್ಮ ಜಾಗಕ್ಕೆ ನಿಮ್ಮ ಬಿಲ್ಡಿಂಗಿನ ಎರಡನೇ ಮಹಡಿಯವರನ್ನು ಆರಿಸಿ ಆಯ್ತಲ್ಲ."

"ಐದಕ್ಕೆ ಸಭೆ. ಈಗ ಐದೂ ಐದು."

"ನಿಮ್ಮ ದುಃಖದಲ್ಲಿ ಎಲ್ಲರೂ ನಾಲ್ಕೂವರೆಗೇ ಬಂದ್ರು ಬಾಯಿ."

"ನಾನು ಎದುರಿಗಿದ್ದೇನೆ. ಒಪ್ಪಿಗೆಯನ್ನೂ ಹೇಳುತ್ತಿದ್ದೇನೆ."

"ನನಗೆ ಕಾಣ್ತದೆ. ಆದರೆ ಆಫೀಸಿನ ಪಟ್ಟಿಯಲ್ಲಿ ನೀವು ಸತ್ತಿದ್ದೀರಿ. ಅದು ಅಲ್ಲಿಂದಲೇ ಸರಿಯಾಗಿ ಬರಬೇಕು."

ಸೋಮವಾರ ಆಫೀಸು ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಗುಮಾಸ್ತೆ ಹುಡುಗಿ ಕಂಪ್ಯೂಟರ್ ನೋಡಿ, "ಸಾರಿ ಹೇಳುವಂಥದ್ದೇನಲ್ಲ ಆಂಟಿ, ಸಣ್ಣ ಮಿಸ್ಟೇಕ್. ಒಂದು ಲೈನ್ ಕೆಳಗೆ ಟೈಪ್ ಆಗಿದೆ" ಎಂದಳು. ಮುಂದಿನ ಭಾನುವಾರವೇ ತಿದ್ದಬೇಕೆಂದೆ.

"ಮುಂದಿನ ಮೂರೂ ಸಂಡೆ ಫುಲ್ ಆಂಟಿ. ಒಂದೇ ಜಾಗ ಇದೆ." ಅವಳು ಇನ್ನೊಮ್ಮೆ ನೋಡಿದಳು. "ನೀವು ತೀರಿಕೊಂಡು ತಿಂಗಳಾಗುವ ಪೂಜೆಯ ದಿನ. ಆ ಪೂಜೆಯನ್ನು ಆಗಲೇ ಯಾರೋ ಬುಕ್ ಮಾಡಿದ್ದಾರೆ, ತಿದ್ದುಪಡಿ ಅದರ ಕೆಳಗೇ ಹಾಕ್ತೇನೆ."

ಬುಕ್ ಮಾಡಿದವರು ಎರಡನೇ ಮಹಡಿಯವರು.

ಸಾರಿ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವಳು ಆ ಹುಡುಗಿಯಲ್ಲ, ನಾನು. ನನಗೆ ಕ್ಷಮಾಪಣೆ ಬೇಕು. ಬರವಣಿಗೆಯಲ್ಲಿ, ನನ್ನ ಪೂರ್ತಿ ಹೆಸರಿನೊಂದಿಗೆ, ನನಗೆ ಕೇಳಿಸುವಂತೆ ಓದತಕ್ಕದ್ದು.