ಸರ್ಜಾನ ಖಣದ ಅಂಗಿ

ಹರಿದದ್ದನ್ನು ಕಂಡರೆ ಸುಮ್ಮನೆ ಕೂರಲಾಗದಿರುವುದು ಟೇಲರನ ರೋಗ. ಮದುವೆಗೆ ಹೋದರೆ ಎಲ್ಲರೂ ಮದುಮಗನ ಮುಖ ನೋಡುತ್ತಾರೆ. ನಾನು ಅವನ ಕೋಟಿನ ಬಗಲು ನೋಡುತ್ತೇನೆ. ಗುಡಿಯಲ್ಲಿ ಕೈಮುಗಿದು ನಿಂತರೂ ಕಣ್ಣು ಪೂಜಾರಿಯ ಅಂಗಿಯ ಬಿಚ್ಚಿದ ಹೊಲಿಗೆಯ ಮೇಲೆ. ಹರಿದಿದ್ದರೆ ಮುಚ್ಚು, ಮುಚ್ಚಿದ ಮೇಲೆ ಇಸ್ತ್ರಿ ಹೊಡೆ, ಅಲ್ಲಿ ಹರಿದಿತ್ತೆಂಬುದನ್ನು ಜನ ಮರೆಯುವ ಹಾಗೆ ಮಾಡು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ಮೇಲೆ ನಾನು ಕಲಿತ ವಿದ್ಯೆಯೆಲ್ಲ ಇಷ್ಟೇ. ಇದರಿಂದಲೇ ಅಂಕಲಿಯಲ್ಲಿ ನನ್ನ ಹೊಟ್ಟೆ ತುಂಬಿದೆ, ಸ್ವಲ್ಪ ಹೆಸರೂ ಬಂದಿದೆ. ಇದೇ ವಿದ್ಯೆಯಿಂದ ತಮ್ಮನ ನಾಯಿಯನ್ನು ಕೊಲ್ಲುವುದರಲ್ಲಿದ್ದೆ ಎಂಬುದನ್ನು ಮಾತ್ರ ಅಂಗಡಿಯ ಬೋರ್ಡಿನ ಮೇಲೆ ಬರೆಸಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕುರಿ ಸಾಕುವ ಮನೆತನ. ಹಿರಿಯ ಮಗನಾದ ನಾನೇ ಕೋಲು ಹಿಡಿದು ಹಿಂಡಿನ ಹಿಂದೆ ಹೋಗಬೇಕಾಗಿತ್ತು. ಹೋಗಿಯೂ ಇದ್ದೆ. ಆದರೆ ಒಂದು ಕುರಿ ಮರಿ ಹಾಕುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದವನು ಅಲ್ಲೇ ಎಚ್ಚರ ತಪ್ಪಿ ಬಿದ್ದೆ. ಅಪ್ಪ ಕುರಿಯನ್ನು ಬಿಟ್ಟು ನನ್ನ ಮುಖಕ್ಕೆ ನೀರು ಹೊಡೆಯಬೇಕಾಯಿತು. ಆ ಕುರಿ ಮಾತ್ರ ಯಾರ ಸಹಾಯವೂ ಇಲ್ಲದೆ ಹೆತ್ತು, ಮರಿಯನ್ನು ನೆಕ್ಕುತ್ತ ನನ್ನನ್ನೇ ನೋಡುತ್ತಿತ್ತು. "ಇಂವಾ ಕುರಿ ಕಾಯೂದಿಲ್ಲ. ಕುರೀನ ಇವನ್ನ ಕಾಯಬೇಕಾಗತೈತಿ" ಎಂದು ಅಪ್ಪ ನನ್ನನ್ನು ಚಿಕ್ಕೋಡಿಯ ಒಬ್ಬ ಟೇಲರನ ಹತ್ತಿರ ಕೆಲಸಕ್ಕೆ ಬಿಟ್ಟ. ಕೋಲು ತಮ್ಮ ಮಾಳಪ್ಪನ ಕೈಗೆ ಹೋಯಿತು. ಅಂದಿನಿಂದ ನಾನು ಫ್ಯಾನಿನ ಕೆಳಗೆ, ಅವನು ಬಿಸಿಲಿನಲ್ಲಿ. ನಾನು ಮಳೆ ಬಂದರೆ ಕಿಟಕಿ ಮುಚ್ಚುತ್ತೇನೆ. ಅವನು ಕಂಬಳಿ ಹೊದೆಯುತ್ತಾನೆ. ಹೀಗಾಗಿ ಮಾಳಪ್ಪ ಏನು ಕೇಳಿದರೂ ನನ್ನ ಬಾಯಲ್ಲಿ ಇಲ್ಲ ಎಂಬ ಮಾತು ಬರುವುದಿಲ್ಲ. ಅವನು ಕೇಳುವುದೂ ಅಪರೂಪ. ಅವನು ಕೇಳಿದ ಒಂದೇ ಒಂದು ದೊಡ್ಡ ಕೆಲಸ ಸರ್ಜಾನದು.

ಸರ್ಜಾ ಎಂದರೆ ಅವನ ಹಿಂಡು ಕಾಯುವ ನಾಯಿ. ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ, ಕರಿ ಮೈ, ಒಂದು ಕಿವಿ ಯಾವುದೋ ತೋಳದ ಹೊಟ್ಟೆ ಸೇರಿದೆ. ಅದು ಹಿಂಡಿನ ಸುತ್ತ ಒಂದು ಸುತ್ತು ಹಾಕಿ ಬಂದರೆ ಮಾಳಪ್ಪ ಕಣ್ಣು ಮುಚ್ಚುತ್ತಾನೆ, ಇಲ್ಲದಿದ್ದರೆ ಇಲ್ಲ. ಈ ಸಲ ರಾಯಬಾಗದ ಕಡೆ ಕಬ್ಬು ಕಡಿದ ಹೊಲದಲ್ಲಿ ಹಟ್ಟಿ ಹಾಕಿದ್ದಾಗ, ಪಕ್ಕದ ಕಬ್ಬಿನೊಳಗಿಂದ ಕಾಡುಹಂದಿ ನುಗ್ಗಿ ಸರ್ಜಾನ ಹೆಗಲನ್ನು ಸೀಳಿತು. ಮಾಳಪ್ಪ ಮೊದಲು ಡಾಕ್ಟರಿಗೆ ತೋರಿಸಿ, ಅಲ್ಲಿಂದ ಛೋಟಾ ಹಾಥಿ ಟೆಂಪೋದಲ್ಲಿ ಹಾಕಿಕೊಂಡು ನೇರ ನನ್ನ ಅಂಗಡಿಯ ಮುಂದೆ ಇಳಿಸಿದ.

"ಅಣ್ಣಾ, ಕುರಿ ಮುಂದ ಹೊಂಟಾವ. ಇಂವಗ ನಡ್ಯಾಕ ಆಗೂದಿಲ್ಲ. ಮಾಯೂತನಕಾ ನಿನ್ನ ಕಡೆ ಇರಲಿ" ಎಂದ. "ಡಾಕ್ಟರು ಗಾಯದ ಸುತ್ತಲಿನ ಕೂದ್ಲಾ ಕತ್ತರಿಸಿ, ತೊಳದು, ಔಷಧ ಹಚ್ಯಾರ. ಹೊಲಿಗಿ ಮಾತ್ರ ಹಾಕಿಲ್ಲ. ಹಂದಿ ಕ್ವಾರಿಹಲ್ಲ ಹೊಲಸಂತ. ಮುಚ್ಚಿದ್ರ ಒಳಗ ಕೀವ ತುಂಬತೈತಂತ. ಮುಂಜಾನಿ ಸಂಜಿ ನೀರು ಕಾಸಿ, ಆರಿಸಿ, ಉಪ್ಪ ಹಾಕಿ ತೊಳಿ. ಒಳಗಿನ ಹೊಲಸ ಕೆಳಗ ಹರದ ಹೋಗಬೇಕು. ಗುಳಿಗಿ ರೊಟ್ಟ್ಯಾಗ ಇಟ್ಟ ತಿನ್ನಸು. ನೊಣಾ ಕುಂಡ್ರಬಾರದು, ಅವನ ನಾಲಿಗಿ ಮುಟ್ಟಬಾರದು. ಅದಕ್ಕ ಈ ಬಕೆಟ್ ಕೊರಳಿಗೆ ಹಾಕೇನಿ, ತಗೀಬ್ಯಾಡ."

ತಳ ಕತ್ತರಿಸಿದ ಕೆಂಪು ಬಕೆಟ್ಟಿನೊಳಗಿಂದ ಸರ್ಜಾ ನನ್ನನ್ನು ನೋಡುತ್ತಿತ್ತು. ನನ್ನ ಹೆಂಡತಿ ಶಾಂತವ್ವ, "ನಾ ತೊಳಿತೀನಿ ಬಿಡ್ರಿ, ನಿಮಗ ಬೆರಳಿಗೆ ಸೂಜಿ ಚುಚ್ಚಿದ್ರ ನೆಲಾ ಹಿಡಕೊಂಡ ಕುಂಡ್ರತೀರಿ" ಎಂದಳು. ತಮ್ಮನ ಮುಂದೆ ಇಂಥ ಮಾತು ಆಡಬಹುದೇ? "ನನ್ನ ತಮ್ಮ ನನಗ ಹೇಳಿ ಹೊಂಟಾನ. ನೀ ನಿನ್ನ ಕೆಲಸಾ ನೋಡು" ಎಂದೆ. ಮಾಳಪ್ಪ ನನ್ನ ಎರಡೂ ಕೈ ಹಿಡಿದು ಹೋದ. ಆ ಕೈಗಳ ಮೇಲೆ ಅವನಿಗಿದ್ದ ನಂಬಿಕೆಯಲ್ಲಿ ಅರ್ಧ ನನಗಿದ್ದರೂ ಸಾಕಿತ್ತು.

ಶಾಂತವ್ವ ಕಳೆ ತೆಗೆಯಲು ಹೊಲಕ್ಕೆ ಹೋದ ಮೇಲೆ ನಾನು ನೀರು ಕಾಯಿಸಿದೆ, ಆರಿಸಿದೆ, ಉಪ್ಪು ಹಾಕಿದೆ. ಅಲ್ಲಿಯವರೆಗೆ ಯಾವ ಡಾಕ್ಟರೂ ನನ್ನಲ್ಲಿ ತಪ್ಪು ಹುಡುಕಲಾರ. ನಂತರ ಚಂಬು ಹಿಡಿದು ಸರ್ಜಾನ ಹತ್ತಿರ ಹೋದೆ. ಗಾಯ ಕಂಡಿತು. ಕೂಡಲೇ ಕಣ್ಣು ಮುಚ್ಚಿಕೊಂಡು ಚಂಬು ಬಗ್ಗಿಸಿದೆ. ಕಣ್ಣು ತೆರೆದರೆ ಆ ನೀರೆಲ್ಲ ಗಾಯವಿಲ್ಲದ ಹೆಗಲಿನ ಮೇಲೆ ಬಿದ್ದಿತ್ತು. ಸರ್ಜಾ ಮೈ ಕೊಡವಿತು. ಆ ಉಪ್ಪುನೀರು ನನ್ನ ಮುಖ, ಇಸ್ತ್ರಿ ಮಾಡಿಟ್ಟ ಗಿರಾಕಿಯ ಪ್ಯಾಂಟು, ಎಲ್ಲಕ್ಕೂ ಸಮನಾಗಿ ಹಂಚಿಕೆಯಾಯಿತು. ಗುಳಿಗೆಯದು ಇನ್ನೊಂದು ಕಥೆ. ರೊಟ್ಟಿಯಲ್ಲಿಟ್ಟು ಕೊಟ್ಟೆ. ಅದು ರೊಟ್ಟಿ ನುಂಗಿ, ಗುಳಿಗೆಯನ್ನು ಮಾತ್ರ ಒಣಗಿದ್ದಂತೆಯೇ ಹೊರಗಿಟ್ಟಿತು. ಅಕ್ಕಿಯೊಳಗಿನ ಕಲ್ಲನ್ನೂ ನನ್ನ ಹೆಂಡತಿ ಅಷ್ಟು ಚೆನ್ನಾಗಿ ಆರಿಸುವುದಿಲ್ಲ.

ಇನ್ನು ಆ ಬಕೆಟ್ಟು. ಅದನ್ನು ಹಾಕಿಕೊಂಡು ಸರ್ಜಾ ಬಾಗಿಲಿಗೆ, ಮಷಿನ್ನಿಗೆ, ಗಿರಾಕಿಗಳ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಿತ್ತು. ತೋಳ ಓಡಿಸಿದ ನಾಯಿಗೆ ಇದೆಂಥ ಅವಮಾನ ಎಂದು ಮರುಗುತ್ತ ಕೂತಿದ್ದಾಗ ಉಪಾಯ ಹೊಳೆಯಿತು. ಒಂದು ಅಂಗಿ ಹೊಲಿದರೆ? ನೊಣ ಕೂರುವುದಿಲ್ಲ. ನಾಲಿಗೆ ಮುಟ್ಟುವುದಿಲ್ಲ. ನನ್ನ ಕಣ್ಣಿಗೂ ಬೀಳುವುದಿಲ್ಲ. ಇದರಲ್ಲಿ ಕೊನೆಯದೇ ಮುಖ್ಯ ಕಾರಣವೆಂದು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಟೇಪು ತಗೊಂಡು ಅಳತೆ ಹಿಡಿದೆ. ಸರ್ಜಾ ಬೀಗರ ಮನೆಯ ಗಂಡಿನಂತೆ ಗಂಭೀರವಾಗಿ ನಿಂತು ಅಳತೆ ಕೊಟ್ಟಿತು. ಇಷ್ಟು ವರ್ಷಗಳಲ್ಲಿ, ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳದ ಗಿರಾಕಿ ಅದೊಂದೇ. ಗೂಡಿನಲ್ಲಿ ಜಂಪರು ಹೊಲಿಯುವ ಖಣದ ಒಂದು ತುಂಡಿತ್ತು. ಹಸಿರು ಮೈ, ಕೆಂಪು ಅಂಚು. ಎಲ್ಲಿಯದು ಎಂದು ಕೇಳಬೇಡಿ. ಟೇಲರನ ಗೂಡಿನಲ್ಲಿ ತುಂಡುಗಳು ಹೊಲದಲ್ಲಿ ಹುಲ್ಲು ಹುಟ್ಟಿದ ಹಾಗೆ ತಾವೇ ಹುಟ್ಟುತ್ತವೆ. ಒಳಗೆ ಅಸ್ತರ ಕೊಟ್ಟು, ಎದೆಗೆ ಗುಂಡಿ ಇಟ್ಟು, ಬಿಗಿಯಾಗಿ ಕೂರುವ ಹಾಗೆ ಹೊಲಿದು, ಬಕೆಟ್ಟು ತೆಗೆದು ತೊಡಿಸಿದೆ. ನನ್ನ ಕೈಯಿಂದ ಅಷ್ಟು ಚೆಂದದ ಫಿಟಿಂಗು ಹಿಂದೆ ಬಂದಿರಲಿಲ್ಲ, ಮುಂದೆ ಬಂದಿಲ್ಲ.

ಊರೆಲ್ಲ ನೋಡಲು ಬಂತು. "ಏನಲೇ ಟೇಲರ್, ಸರ್ಜಾ ಕನ್ಯಾ ನೋಡಾಕ ಹೊಂಟಾನೇನು?" ಎಂದರು. ಸಂಜೆ ಮಾಳಪ್ಪ ಮೊಬೈಲಿನಲ್ಲಿ ಮುಖ ತೋರಿಸಿದ. ನಾನು ಸರ್ಜಾನ ಅಂಗಿ ತೋರಿಸಿದೆ.

"ಅಣ್ಣಾ, ಎಷ್ಟ ಕಾಳಜಿ ಮಾಡಾಕತ್ತಿ! ಒಳಗ ಹೆಂಗೈತಿ?"

"ಒಣಗಾಕತ್ತೈತಿ."

"ತೊಳದಿ?"

"ತೊಳದಿನಿ." ನೆಲವನ್ನು ತೊಳೆದಿದ್ದು ನಿಜ.

"ನೀ ಇದ್ದಿ ಅಂತ ಚಿಂತಿಲ್ಲ ನೋಡಣ್ಣಾ. ಇಲ್ಲಿ ತೋಳದ ಸುಳುವು ಐತಿ. ಇರೂ ಮರಿನಾಯಿ ತೋಳ ಬಂದ್ರ ನನ್ನ ಕಂಬಳ್ಯಾಗ ಹೊಕ್ಕತೈತಿ. ಮೊನ್ನೆ ಒಂದ ಕುರಿಮರಿ ಹೋತು. ಸರ್ಜಾ ಲಗೂ ಬಂದ್ರ ಸಾಕು."

ಫೋನು ಇಟ್ಟೆ. ನಾಳೆ ಗುಂಡಿ ಬಿಚ್ಚಿ ತೊಳೆಯಲೇಬೇಕೆಂದು ಆಣೆ ಮಾಡಿದೆ. ನಾಳೆ ಬಂದಾಗ ಗುಂಡಿಯ ತನಕ ಕೈ ಹೋಗಿ, ಅಂಗಿಯ ಸುಕ್ಕು ಸರಿಮಾಡಿ ಹಿಂದಕ್ಕೆ ಬಂತು. ಅದರ ಮರುದಿನವೂ ಹಾಗೇ. ಸರ್ಜಾ ಒಂದು ಮೂಲೆ ಹಿಡಿಯಿತು. ರೊಟ್ಟಿ ಬಿಟ್ಟಿತು. ಶಾಂತವ್ವ, "ಏನೋ ನಾತಾ ಬರಾಕತ್ತೈತಿ" ಎಂದಳು. ನಾನು ಊದಿನಕಡ್ಡಿ ಹಚ್ಚಿದೆ. ಇದೊಂದು ವಾಕ್ಯ ಬರೆಯುವಾಗ ಮಾತ್ರ ನನಗೆ ನಗು ಬರುವುದಿಲ್ಲ.

ಆ ನಾಯಿಯ ಜೀವ ಉಳಿಸಿದವಳು ಬಾಳವ್ವ. ಉಳಿಸುವ ಉದ್ದೇಶ ಅವಳಿಗೆ ಇರಲಿಲ್ಲ. ಓಣಿಯ ಆಚೆ ತುದಿಯವಳು, ಮಗಳ ಲಂಗ ಹೊಲಿಸಲು ಬಂದಿದ್ದಳು. ಮೂಲೆಯಲ್ಲಿ ಮಲಗಿದ್ದ ಸರ್ಜಾನನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಮೈಮೇಲಿನ ಜಂಪರನ್ನು ನೋಡಿಕೊಂಡಳು. ಹಸಿರು ಮೈ, ಕೆಂಪು ಅಂಚು.

"ಟೇಲರಣ್ಣಾ," ಎಂದಳು ಮೆಲ್ಲಗೆ, "ನನ್ನ ಖಣಾ ಸಾಲಲಿಲ್ಲಂತ ತೋಳು ಗಿಡ್ಡ ಇಟ್ಟೀನಿ ಅಂದಿದ್ರಿ."

"ಹೌದವಾ, ಅರಿವಿ ಸ್ವಲ್ಪ ಕಮ್ಮಿ ಬಿತ್ತು."

"ಮತ್ತ ಈ ನಾಯಿಗೆ ತುಂಬತೋಳಿನ ಅಂಗಿ ಹೆಂಗಾತ್ರಿ?"

ತನ್ನ ಖಣವೇ ಹೌದೋ ಎಂದು ನೋಡಲು ಅವಳು ಹೋಗಿ ಗುಂಡಿ ಬಿಚ್ಚಿದಳು. ಇಷ್ಟು ದಿನ ನಾನು ಬಿಚ್ಚಲಾರದ ಗುಂಡಿಗಳು, ಒಂದಾದ ಮೇಲೊಂದು ಪಟಪಟನೆ ಬಿಚ್ಚಿದವು. ಅಂಗಿ ಮೇಲೆತ್ತಿದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಯ್ಯ ಶಿವನ! ಹುಳಾ ಬಿದ್ದಾವಲ್ಲೋ! ಶಾಂತವ್ವಾ, ಬಾ ಬೇ ಇಲ್ಲಿ! ನಿನ್ನ ಗಂಡ ನಾಯೀನ ಜೀವಂತ ಹೂಳ್ಯಾನ ನೋಡು ಬಾ!" ಎಂದು ಕೂಗಿದಳು. ನಾನು ಒಂದು ಸಲ ಇಣುಕಿದೆ. ಎಚ್ಚರವಾದಾಗ ಮಷಿನ್ನಿನ ಕೆಳಗಿದ್ದೆ, ಯಾರೂ ನನ್ನ ಮುಖಕ್ಕೆ ನೀರು ಹೊಡೆದಿರಲಿಲ್ಲ. ಇಬ್ಬರೂ ಹೆಂಗಸರು ಸರ್ಜಾನನ್ನು ಗೋಣಿಚೀಲದ ಮೇಲೆ ಹಾಕಿ ಆಟೋಕ್ಕೆ ಏರಿಸುತ್ತಿದ್ದರು. ನಾನು ಹಿಂದೆ ಓಡಿ ಹತ್ತಿದೆ.

ಚಿಕ್ಕೋಡಿಯ ದನದ ಡಾಕ್ಟರು ಹುಳ ಸಾಯುವ ಔಷಧ ಬಿಟ್ಟು, ಚಿಮಟದಿಂದ ತೆಗೆಯುತ್ತ ಕೇಳಿದರು, "ಯಾರ್ರೀ ಇದನ್ನ ಮುಚ್ಚಿದವರು?"

"ನಾನ್ರಿ."

"ಏನ ಕೆಲಸಾ ಮಾಡತೀರಿ?"

"ಟೇಲರ್‌ ಅದೀನ್ರಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಅರಿವಿ ಹರದ್ರ ಮ್ಯಾಲಿಂದ ಹೊಲಿತೀರಿ. ಮೈ ಹರದ್ರ ತಳದಿಂದ ತುಂಬಕೊಂಡ ಬರಬೇಕ್ರಿ. ಗಾಳಿ ಆಡಲಿ, ಹೊಲಸ ಹರೀಲಿ. ಇನ್ನೊಂದೆರಡ ದಿನಾ ಅಂಗಿ ಇದ್ದಿದ್ರ ನಂಜ ರಕ್ತಕ್ಕ ಏರಿ ಹೋಗಿಬಿಡತಿತ್ತು. ಹಿಡೀರಿ ತಲಿ."

ತಲೆ ಹಿಡಿದೆ. ಸರ್ಜಾ ನರಳಲಿಲ್ಲ, ಕಚ್ಚಲಿಲ್ಲ. ಬಿಸಿ ಮೂಗನ್ನು ನನ್ನ ಅಂಗೈಯೊಳಗೆ ಇಟ್ಟು ಸುಮ್ಮನೆ ನಿಂತಿತು. ಇಂಥವನನ್ನು ಇದು ಯಾಕೆ ನಂಬಿದೆಯೋ ಎಂದುಕೊಂಡೆ. ಮಾಳಪ್ಪನಿಗೂ ಅದೇ ಚಟ.

ಮರುದಿನದಿಂದ ತೊಳೆಯುವವನು ನಾನೇ, ಕಣ್ಣು ತೆರೆದೇ. ಮೊದಲ ಸಲ ಗೋಡೆ ಹಿಡಿದು ತೊಳೆದೆ. ಆಮೇಲೆ ಕೂತು ತೊಳೆದೆ. ಕೂತವನು ಬಿದ್ದರೂ ದೂರ ಬೀಳುವುದಿಲ್ಲ. ಗುಳಿಗೆಯನ್ನು ಬೆಲ್ಲದಲ್ಲಿ ಒತ್ತಿ ಕೊಟ್ಟೆ, ಅದನ್ನು ಸರ್ಜಾ ಆರಿಸಲಾರದೆ ಸೋತಿತು. ಬಕೆಟ್ಟು ಮತ್ತೆ ಕೊರಳಿಗೆ ಬಂತು. ಕೆಲವು ದಿನಗಳ ಮೇಲೆ ಗಾಯದ ತಳದಲ್ಲಿ ದಾಳಿಂಬೆಯ ಕಾಳಿನಂಥ ಕೆಂಪು ಮಾಂಸ ಮೂಡಿತು. ಡಾಕ್ಟರು ಹೇಳಿದ ಹಾಗೆ, ಒಳಗಿನಿಂದ ಮೇಲಕ್ಕೆ, ಯಾರೂ ಎಳೆಯದ ದಾರದಿಂದ ಅದು ತನ್ನನ್ನು ತಾನೇ ಹೊಲಿದುಕೊಂಡು ಬಂತು. ಅಂಥ ರಫೂ ನಾನು ಈ ಜನ್ಮದಲ್ಲಿ ಮಾಡಲಾರೆ.

ಮಾಳಪ್ಪನಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ದಿನಾ ಸಂಜೆ ಅವನು ಕೇಳುವನು. "ಕೀವ ಗೀವ ಏನಿಲ್ಲಲ್ಲಾ?" "ಏನ ಇಲ್ಲೋ, ಹೂವಿನಂಗ ಐತಿ." "ಹುಳಾ ಗಿಳಾ?" "ಹುಳಾ? ನಾ ಇರಬೇಕಾದ್ರ?" ಇನ್ನೂ ಎರಡು ಮಾತು ಹೆಚ್ಚೇ ಸೇರಿಸಿ, ಡಾಕ್ಟರು ನನ್ನ ಬೆನ್ನು ತಟ್ಟಿದ್ದನ್ನೂ, ನನ್ನನ್ನು ನೋಡಿ ಕಲಿಯಲು ಅಥಣಿಯಿಂದ ಜನ ಬಂದದ್ದನ್ನೂ ಹೇಳಿದೆ.

ಕೊನೆಗೆ ಅವನು ಸರ್ಜಾನನ್ನು ಒಯ್ಯಲು ಬಂದ. ಗಾಯವಿದ್ದಲ್ಲಿ ಕೂದಲಿಲ್ಲದ ಒಂದು ಗೆರೆ, ನಡಿಗೆಯಲ್ಲಿ ಸಣ್ಣ ಕುಂಟು, ಅಷ್ಟೇ. ಮಾಳಪ್ಪ ಮಂಡಿಯೂರಿ ಕೂತು ಆ ಗೆರೆಯ ಮೇಲೆ ಕೈಯಾಡಿಸಿದ. ನನಗೆ ತಡೆಯಲಾಗಲಿಲ್ಲ.

"ಮಾಳ್ಯಾ, ಒಂದ ಮಾತ ಹೇಳಬೇಕಾಗೈತಿ. ನಾ ತೊಳದಿದ್ದಿಲ್ಲ. ಹುಳಾ ಬಿದ್ದಿದ್ವು."

"ಗೊತ್ತೈತಿ. ಶಾಂತವ್ವ ವೈನಿ ಅವತ್ತ ಫೋನ್ ಮಾಡಿ ಹೇಳ್ಯಾರ."

"ಅವತ್ತ? ಗೊತ್ತಿದ್ದೂ ಒಯ್ಯಾಕ ಬರಲಿಲ್ಲಾ?"

"ಸಿಟ್ಟ ಬಂದಿತ್ತಣ್ಣಾ, ಬರಾವ ಇದ್ದೆ. ವೈನಿ ಬ್ಯಾಡಂದ್ರು. ಈಗ ಒಯ್ದ್ರ ನಿಮ್ಮಣ್ಣ ಸಾಯೂತನಕಾ ಹಿಂಗ ಉಳಿತಾನ, ಅವನ ಕಡಿಂದನ ತೊಳಸ್ತೀನಿ ಅಂದ್ರು."

"ಮತ್ತ ದಿನಾ ಫೋನ್ ಮಾಡಿ ಯಾಕ ಕೇಳತಿದ್ದಿ?"

ಅವನು ಮೊದಲ ಬಾರಿ ನಕ್ಕ. "ಹಟ್ಟ್ಯಾಗ ಸಂಜಿ ಮಾಡಿ ಹೊತ್ತ ಹೋಗೂದಿಲ್ಲ. ಸ್ಪೀಕರ್ ಹಚ್ಚಿ ಎಲ್ಲಾರೂ ಕೇಳತಿದ್ದಿವಿ. ಅಥಣಿಯವರ ಸುದ್ದಿ ಕೇಳಿದ ದಿನಾ ನಮ್ಮ ಜೋಡಿ ಕುರಿ ಕಾಯೂ ಮುದುಕಪ್ಪ ಕಾಕಾ ನಕ್ಕ ನಕ್ಕ ಚಾದ ಬೋಗಾಣ್ಯಾಗ ಕುಂತಬಿಟ್ಟ."

ಸರ್ಜಾ ಹಿಂತಿರುಗಿ ನೋಡದೆ ಛೋಟಾ ಹಾಥಿ ಹತ್ತಿತು. ಅದಕ್ಕೆ ಕೆಲಸವಿತ್ತು. ಹಟ್ಟಿ ಸೇರಿದ ಮೇಲೆ ಒಂದು ಮರಿಯೂ ಹೋಗಿಲ್ಲವಂತೆ.

ಅಂದಿನಿಂದ ನಾನು ತಮ್ಮನಿಗೆ ನಿಜವನ್ನೇ ಹೇಳುತ್ತೇನೆ. ಅವನು ಹ್ಞೂ ಎಂದು ಬೇಗ ಫೋನು ಇಡುತ್ತಾನೆ. ನಿಜಕ್ಕೆ ಹಟ್ಟಿಯಲ್ಲಿ ಅಂಥ ಬೆಲೆಯಿಲ್ಲ. ಮೊನ್ನೆ ಮುಂಜಾನೆ ಮಾತ್ರ ಅವನೇ ಅವಸರದಲ್ಲಿ ಫೋನು ಮಾಡಿದ. ದ್ರಾಕ್ಷಿತೋಟದ ತಂತಿಬೇಲಿಗೆ ಸಿಕ್ಕು ಮರಿನಾಯಿಯ ಹೊಟ್ಟೆಯ ಪಕ್ಕ ಹರಿದಿದೆ, ಕಳಿಸುತ್ತೇನೆ ಎಂದ. ಕಳಿಸು ಎಂದೆ. ಫೋನು ಇಡುವ ಮೊದಲು ಅವನು ಕೇಳಿದ, "ಅಣ್ಣಾ, ವೈನಿ ಊರಾಗ ಅದಾರಲ್ಲಾ?"

"ಅದಾಳ, ಅದಾಳ. ಇಲ್ಲೇ ಬಾಜೂಕ ನಿಂತಾಳ" ಎಂದೆ.

ಶಾಂತವ್ವ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ನಾನು ಎದ್ದು ನೀರು ಕಾಯಿಸಲು ಇಟ್ಟೆ.