ತೊಂಬತ್ತು ಸೆಕೆಂಡಿನ ಬಾಗಿಲು

ಮನುಷ್ಯನೊಬ್ಬನ ಮೂತ್ರ ವಿಸರ್ಜನೆಗೆ ತೊಂಬತ್ತು ಸೆಕೆಂಡು ಧಾರಾಳವಾಗಿ ಸಾಕು ಎಂಬುದು ನಗರಸಭೆಯು ವೈಜ್ಞಾನಿಕವಾಗಿ ಕಂಡುಕೊಂಡ ಸತ್ಯ. ಹೊಸದಾಗಿ ಕೆಲಸಕ್ಕೆ ಸೇರಿದ ಆರು ಮಂದಿಗೆ ಒಂದು ಬೆಳಿಗ್ಗೆ ತಲಾ ಎರಡು ಲೋಟ ನೀರು ಕುಡಿಸಿ, ಗಡಿಯಾರ ಹಿಡಿದು ಅಳೆದು, ಸರಾಸರಿ ತೆಗೆದು, ಮಾನವೀಯ ದೃಷ್ಟಿಯಿಂದ ಹದಿನೈದು ಸೆಕೆಂಡು ಹೆಚ್ಚಿಗೆ ಸೇರಿಸಿ ಈ ಅಂಕಿಯನ್ನು ನಿಗದಿಪಡಿಸಲಾಗಿತ್ತು. ಆರರಲ್ಲಿ ಒಬ್ಬರಿಗೂ ಮೂವತ್ತು ದಾಟಿರಲಿಲ್ಲ ಎಂಬ ಸಂಗತಿ ವರದಿಯಲ್ಲಿ ಇಲ್ಲ. ನಮೂನೆಯಲ್ಲಿ ವಯಸ್ಸಿನ ಕಾಲಂ ಇರಲಿಲ್ಲ.

ಅದರಂತೆ ವಾಚನಾಲಯದ ಹೊಸ ಶೌಚಾಲಯಕ್ಕೆ ಸಮಯಪ್ರಜ್ಞೆಯುಳ್ಳ ಬಾಗಿಲು ಬಂತು. ಒಳಗೆ ಹೋಗಿ ಚಿಲಕ ಹಾಕಿದ ತೊಂಬತ್ತೊಂದನೆಯ ಸೆಕೆಂಡಿಗೆ ಗಂಟೆ ಬಾರಿಸಿ, ಬಾಗಿಲು ತಾನಾಗಿ ಪೂರ್ತಿ ತೆರೆದುಕೊಳ್ಳುತ್ತಿತ್ತು. "ಧನ್ಯವಾದಗಳು, ಮತ್ತೆ ಬನ್ನಿ" ಎಂದು ಒಂದು ಇಂಪಾದ ದನಿ ಕೇಳಿಬರುತ್ತಿತ್ತು.

ಈ ದನಿಯನ್ನು ಹೆಚ್ಚಿನವರು ಕೈ ತೊಳೆಯುವಾಗ ಕೇಳಿದರು. ಸರಪಳಿ ತಾತ ಮಾತ್ರ ಇನ್ನೂ ಶುರುವಾಗುವುದನ್ನು ಕಾಯುತ್ತಿರುವಾಗ ಕೇಳಿದರು. ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ಊರ ಜಮೀನೆಲ್ಲ ಅಳೆದ ನಿವೃತ್ತ ಸರ್ವೇಯರ್ ಅವರು, ವಯಸ್ಸು ಎಪ್ಪತ್ತೆರಡು. ಬಾಗಿಲು ತೆರೆದಾಗ ಹೊರಗೆ ಸಾಲಿನಲ್ಲಿ ಮೊದಲು ನಿಂತಿದ್ದವರು ಅವರ ಬೀಗರು, ಅಂದರೆ ಮಗಳ ಮಾವ. ಬೀಗರು ಸಂಭಾವಿತರು. ಕ್ಷೇಮ ಸಮಾಚಾರ ವಿಚಾರಿಸಿ, ಆಮೇಲೆ ಗೋಡೆಯ ಮೇಲಿನ ಸೂಚನಾ ಫಲಕವನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ತಾತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿಯ ವಿಷಯ ಅವರಿಗೆ ಚೆನ್ನಾಗಿ ಗೊತ್ತಿದ್ದರಿಂದ ಆ ಆಸೆ ಇಟ್ಟುಕೊಳ್ಳದೆ ನೇರ ಮನೆಗೆ ನಡೆದರು. ಅಂದಿನಿಂದ ಅವರಿಗೆ ವಾಚನಾಲಯ ಬಂದ್. ದಿನಾ ಹನ್ನೊಂದು ಗಂಟೆಗೆ ಅಲ್ಲಿ ನಿವೃತ್ತ ಟೆಲಿಫೋನ್ ಆಪರೇಟರ್ ಅಮ್ಮನವರ ಜೊತೆ ಕೂತು ಪತ್ರಿಕೆಯ ಪದಬಂಧ ಬಿಡಿಸುವುದೇ ಅವರಿಗೆ ಉಳಿದಿದ್ದ ಒಂದು ಸುಖ. ಅದೂ ಹೋಯಿತು. ಮನೆಯಲ್ಲಿ ಕೂತು ಒಬ್ಬರೇ ಬಿಡಿಸಲು ನೋಡಿದರು, ಜಗಳವಾಡಲು ಯಾರೂ ಇಲ್ಲದೆ ಪದಗಳು ಹೊಳೆಯಲಿಲ್ಲ.

ಮಾವ ನೀರು ಕುಡಿಯುವುದನ್ನೇ ಬಿಟ್ಟಿರುವುದು ಸೊಸೆಯ ಕಣ್ಣಿಗೆ ಬಿತ್ತು. ಬಾಯಿ ಬಿಡಿಸಿದಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ತಪಾಸಣೆ ಮಾಡಿ, ಮೂತ್ರಕೋಶದ ಸ್ನಾಯು ಸೋತಿದೆ, ಹಿಂಡಿ ಹೊರಹಾಕುವ ಕಸುವು ಕಡಿಮೆಯಾಗಿದೆ, ಒಳಗೆ ಸ್ವಲ್ಪ ಉಳಿದುಬಿಡುತ್ತದೆ, ಅದನ್ನು ಆಗಾಗ ಬಂದು ತೋರಿಸಬೇಕು, ನೀರು ಬಿಡಬಾರದು, ಅವಸರ ಮಾಡಲೇಬಾರದು ಎಂದರು. ವಯಸ್ಸಾದ ಗಂಡಸರು ಹೆಂಗಸರು ಎಷ್ಟೋ ಜನರಿಗೆ ಇದು ಇದೆ, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ ಎಂದೂ ಸೇರಿಸಿದರು. ತಾತ ನಂಬಲಿಲ್ಲ. ತಮ್ಮನ್ನು ಸಮಾಧಾನಪಡಿಸಲು ಹೇಳಿದ ಮಾತು ಅಂದುಕೊಂಡರು.

ಡಾಕ್ಟರ ಚೀಟಿ ಹಿಡಿದು ನಗರಸಭೆಯ ಆರೋಗ್ಯಾಧಿಕಾರಿಯ ಮುಂದೆ ನಿಂತಾಗ, ಅಧಿಕಾರಿ ಕಡತ ತಿರುವಿ ಹಾಕಿದರು. ಅವರು ಒಳ್ಳೆಯ ಮನುಷ್ಯ, ವಯಸ್ಸು ಮೂವತ್ತೊಂದು.

"ತಾತ, ನಮ್ಮ ಊರಲ್ಲಿ ಈ ಕಾಯಿಲೆ ಇಲ್ಲ. ಇಲ್ಲಿವರೆಗೆ ಒಂದು ಅರ್ಜೀನೂ ಬಂದಿಲ್ಲ ನೋಡಿ."

"ಇದನ್ನ ಯಾರು ಸಾರ್ ಅರ್ಜಿ ಬರೆದು ಹೇಳ್ತಾರೆ? ನಾನು ನನ್ನ ಮಗನಿಗೇ ಹೇಳಿಲ್ಲ."

ಅಧಿಕಾರಿಗೆ ಮಾತು ನಾಟಿತು. ವಾರದೊಳಗೆ ಪ್ರಕಟಣೆ ಹೊರಟಿತು: "ಅರವತ್ತು ದಾಟಿದ ನಾಗರಿಕರಲ್ಲಿ ನಿಧಾನಗತಿಯವರು ಯಾರಾದರೂ ಇದ್ದಲ್ಲಿ, ಮಾಪನ ಶಿಬಿರಕ್ಕೆ ಖುದ್ದು ಹಾಜರಾಗಿ ವಿನಾಯಿತಿ ಪತ್ರ ಪಡೆಯತಕ್ಕದ್ದು. ಪತ್ರವುಳ್ಳವರಿಗೆ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ. ವಿಸರ್ಜನೆಯನ್ನು ಇಬ್ಬರು ಸಾಕ್ಷಿಗಳು ಬಾಗಿಲ ಹೊರಗೆ ನಿಂತು ಕಿವಿಯಾರೆ ಕೇಳಿ ದೃಢೀಕರಿಸುವರು. ಗೌಪ್ಯತೆ ಕಾಪಾಡಲಾಗುವುದು." ಗೌಪ್ಯತೆಯ ಸಾಲನ್ನು ಧ್ವನಿವರ್ಧಕದಲ್ಲಿ ಎರಡೆರಡು ಸಲ ಸಾರಲಾಯಿತು. ಇಪ್ಪತ್ತೈದು ಪತ್ರಗಳನ್ನು ಅಚ್ಚು ಹಾಕಿಸಿದರು. ಅಷ್ಟು ಯಾಕೆ ದಂಡಕ್ಕೆ ಎಂದು ಗುಮಾಸ್ತರು ಗೊಣಗಿದರು.

ಶಿಬಿರದ ದಿನ ತಾತ ಕೊಡೆಯನ್ನು ಮುಖದವರೆಗೆ ಇಳಿಸಿಕೊಂಡು ಹೋದರು. ನಗರಸಭೆಯ ಅಂಗಳ ಮುಟ್ಟಿ ಕೊಡೆ ಎತ್ತಿ ನೋಡಿದರೆ, ಅಂಗಳದ ತುಂಬ ಕೊಡೆಗಳೇ. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಟೆಲಿಫೋನ್ ಅಮ್ಮನವರು ಮನೆಯಲ್ಲಿ ದಾರದುಂಡೆ ತರುತ್ತೇನೆಂದು ಹೇಳಿ ಬಂದಿದ್ದರು. ತಾತ ಬರುವುದು ನಿಂತ ಮೇಲೆ ತಾವೂ ವಾಚನಾಲಯಕ್ಕೆ ಹೋಗಿಲ್ಲ, ಅದಕ್ಕೂ ಮುಂಚೆ ಶೌಚಾಲಯಕ್ಕೆ ಹೋಗಬೇಕಾದೀತು ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಿದ್ದುದಾಗಿ ಮೆಲ್ಲಗೆ ಒಪ್ಪಿಕೊಂಡರು. ಕಂಬದ ಹಿಂದೆ ಬೀಗರು ನಿಂತಿದ್ದರು.

"ನಾನು ಕರೆಂಟ್ ಬಿಲ್ ಕಟ್ಟೋಕೆ ಬಂದೆ" ಅಂದರು ಬೀಗರು.

ಕರೆಂಟ್ ಬಿಲ್ಲು ಕಟ್ಟುವ ಜಾಗ ಊರಿನ ಆ ತುದಿಯಲ್ಲಿತ್ತು. ತಾತ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಎಷ್ಟು ವರ್ಷದಿಂದ ಬೀಗರೇ?"

"ನಾಲ್ಕು. ನಿಮ್ಮ ಮಗಳಿಗೆ ಹೇಳ್ಬೇಡಿ."

ತಾತನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಷ್ಟು ದಿನ ತಾವೊಬ್ಬರೇ ಎಂದು ಕೊರಗಿದ್ದಕ್ಕೆ ನಗುವೂ ಬಂತು, ಸಿಟ್ಟೂ ಬಂತು.

ಮಾಪನಕ್ಕೆ ಒಳಗಾದವರು ಇನ್ನೂರ ನಲವತ್ತು ಮಂದಿ. ನೂರ ಎಂಬತ್ತು ಜನ ತೊಂಬತ್ತು ಸೆಕೆಂಡು ಮೀರಿದರು. ಉಳಿದ ಅರವತ್ತು ಜನರಿಗೆ, ಹೊರಗೆ ಇಬ್ಬರು ಕಿವಿಗೊಟ್ಟು ನಿಂತಿದ್ದರಿಂದ, ಒಂದು ಹನಿಯೂ ಬರಲಿಲ್ಲ. ಅವರನ್ನು "ಅತಿ ನಿಧಾನ" ಎಂಬ ಪ್ರತ್ಯೇಕ ಕಾಲಂನಲ್ಲಿ ನಮೂದಿಸಲಾಯಿತು.

ಅಚ್ಚಾದ ಪತ್ರಗಳು ಇಪ್ಪತ್ತೈದೇ ಆದ್ದರಿಂದ ತುರ್ತು ಸಭೆ ಕರೆಯಬೇಕಾಯಿತು. ಮತ್ತೆ ಅಚ್ಚು ಹಾಕಿಸಲು ಹನ್ನೊಂದು ಸಹಿ ಬೇಕು, ನಿಯಮ ಬದಲಿಸಲು ಮೂರೇ ಸಾಕು ಎಂದು ಗುಮಾಸ್ತರು ಸಭೆಯ ಗಮನಕ್ಕೆ ತಂದರು. ಸಭೆ ಹೀಗೆ ನಿರ್ಣಯಿಸಿತು: ಅಳತೆಗೆ ಒಳಗಾದವರೆಲ್ಲರಿಗೂ ಇರುವುದನ್ನು ಕಾಯಿಲೆ ಎನ್ನಲಾಗದು, ಅದೇ ಮಾನದಂಡ. ಆದ್ದರಿಂದ ಸಮಸ್ತ ನಾಗರಿಕರಿಗೆ ಆರು ನಿಮಿಷ ನಲವತ್ತು ಸೆಕೆಂಡು ನಿಗದಿಪಡಿಸಿದೆ. ಅಲ್ಲಿಯವರೆಗೆ ಬಾಗಿಲು ಒಳಗಿನಿಂದಲೂ ತೆರೆಯದು. ಅದಕ್ಕೂ ಮೊದಲೇ ಮುಗಿಸುವವರನ್ನು ಶೀಘ್ರಗತಿಯ ತೊಂದರೆಯುಳ್ಳವರೆಂದು ಪರಿಗಣಿಸಿ, ಅವರ ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

ಜನ ಇದಕ್ಕೆ ಒಗ್ಗಿಕೊಂಡರು. ಶೌಚಾಲಯದೊಳಗೆ ಪತ್ರಿಕೆ ಇಡಲು ಒಂದು ಹಲಗೆ ಹೊಡೆಸಿದರು. ಕಾಲೇಜು ಹುಡುಗಿಯರು ಅಲ್ಲೇ ಪರೀಕ್ಷೆಗೆ ಓದಿಕೊಂಡರು. ಬೇಗ ಮುಗಿಯುತ್ತದೆ ಅನ್ನುವುದನ್ನು ಹೊರಗೆ ಹೇಳಿಕೊಳ್ಳಲು ಪಡ್ಡೆ ಹುಡುಗರಿಗೆ ನಾಚಿಕೆಯಾಗತೊಡಗಿತು.

ಸರಪಳಿ ತಾತ ವಾಚನಾಲಯಕ್ಕೆ ಮರಳಿದ ಮೊದಲ ದಿನ ಮನೆಯಲ್ಲಿ ಎರಡು ಲೋಟ ನೀರು ಕುಡಿದೇ ಹೊರಟರು. ಹನ್ನೊಂದಕ್ಕೆ ಪದಬಂಧ, ಹನ್ನೊಂದೂವರೆಗೆ ಒಂದು ಪದಕ್ಕಾಗಿ ಅಮ್ಮನವರ ಜೊತೆ ಜಗಳ, ಹನ್ನೆರಡಕ್ಕೆ ಶೌಚಾಲಯ. ಯಾರ ಹಂಗೂ ಇಲ್ಲದೆ ನಿಂತರು. ಐದು ನಿಮಿಷಕ್ಕೆ ಮುಗಿಯಿತು, ಉಳಿದ ಸಮಯವನ್ನು ಸುಮ್ಮನೆ ಗೋಡೆ ನೋಡುತ್ತ ಕಳೆದರು. ಎಷ್ಟೋ ತಿಂಗಳ ಮೇಲೆ ಅವರಿಗೆ ಮನಸ್ಸು ಹಗುರಾಗಿತ್ತು.

ಹೊರಗೆ ಆರೋಗ್ಯಾಧಿಕಾರಿ ಕಾಲು ಬದಲಿಸುತ್ತ ನಿಂತಿದ್ದರು. ಅತ್ತಿತ್ತ ನೋಡಿ, ತಾತನ ಕಿವಿಯ ಹತ್ತಿರ ಬಂದರು.

"ತಾತ, ಯಾರಿಗೂ ಹೇಳ್ಬೇಡಿ. ನನಗೆ ಒಂದೇ ನಿಮಿಷಕ್ಕೆ ಮುಗಿದುಹೋಗುತ್ತೆ. ಇದಕ್ಕೆ ಏನು ಮಾಡ್ಬೇಕು?"

ತಾತನಿಗೆ ಅವರ ಸಂಕಟ ಚೆನ್ನಾಗಿ ಅರ್ಥವಾಯಿತು. "ಗಾಬರಿ ಪಡಬೇಡಿ ಸಾರ್. ವಯಸ್ಸಾಗ್ಬೇಕು, ತಾನಾಗೇ ಸರಿಹೋಗುತ್ತೆ" ಅಂದರು.

ಅಧಿಕಾರಿ ಕಿಸೆಯ ಪುಸ್ತಕ ತೆಗೆದು ಬರೆದುಕೊಂಡರು. ಸಿಬ್ಬಂದಿಗೆಲ್ಲ ಆದಷ್ಟು ಬೇಗ ವಯಸ್ಸಾಗತಕ್ಕದ್ದು ಎಂಬ ಸುತ್ತೋಲೆಗೆ ಮುಂದಿನ ಸಭೆಯಲ್ಲಿ ಸರ್ವಾನುಮತದ ಒಪ್ಪಿಗೆ ಸಿಕ್ಕಿತು, ಎಲ್ಲರೂ ಓದಿ ಸಹಿ ಮಾಡಿದರು.